ಡಾಕ್ಟರು ದುಡ್ಡಿನ ಮಾತು ಎತ್ತಬೇಕಾ?

ಯಾವುದಾದರೂ ಮೆಡಿಕಲ್ ಶಾಪಿನ ಕೌಂಟರ್ ಪಕ್ಕ ಅರ್ಧ ಗಂಟೆ ಸುಮ್ನೆ ನಿಂತು ನೋಡಿ. ಡಾಕ್ಟರ ಕೋಣೆಯಲ್ಲಿ ಬಾಯಿಗೆ ಬರದ ಮಾತೆಲ್ಲ ಅಲ್ಲಿ ಕಿವಿಗೆ ಬೀಳುತ್ತದೆ. ಒಬ್ಬರು ಚೀಟಿ ಕೊಡುತ್ತಾರೆ. ಅಂಗಡಿಯವರು ಐದು ಔಷಧಿ ತೆಗೆದು ಸಾಲಾಗಿ ಇಡುತ್ತಾರೆ. "ಎಲ್ಲ ಸೇರಿ ಎಷ್ಟಾಗುತ್ತೆ?" ಅಂತ ಮೊದಲ ಪ್ರಶ್ನೆ. ಮೊತ್ತ ಕೇಳಿದ ಮೇಲೆ ಎರಡನೆಯದು: "ಇದರಲ್ಲಿ ಮುಖ್ಯವಾದದ್ದು ಯಾವುದು?" ಆಮೇಲೆ ಸ್ವಲ್ಪ ತಗ್ಗಿದ ದನಿಯಲ್ಲಿ: "ತಿಂಗಳಿಗೆ ಬೇಡ, ಸದ್ಯಕ್ಕೆ ಒಂದು ವಾರಕ್ಕೆ ಸಾಕು."

ಈಗ ಕೌಂಟರಿನ ಮೇಲೆ ಯಾವುದು ಉಳಿಯಿತು, ಯಾವುದು ವಾಪಸ್ ಶೆಲ್ಫಿಗೆ ಹೋಯಿತು ನೋಡಿ. ಮಂಡಿನೋವಿನ ಮಾತ್ರೆ ಉಳಿಯುತ್ತದೆ. ಎದೆಯುರಿಯದ್ದೂ ಉಳಿಯುತ್ತದೆ. ಇವೆರಡರ ಗುಣ ಅವತ್ತು ರಾತ್ರಿಯೇ ಗೊತ್ತಾಗುತ್ತದೆ. ಹೋಗೋದು ಬಿಪಿ ಮಾತ್ರೆ, ಕೊಲೆಸ್ಟರಾಲ್ ಮಾತ್ರೆ. ಅವನ್ನು ಬಿಟ್ಟರೆ ನಾಳೆ ಏನೂ ನೋವಾಗಲ್ಲ. ಡಾಕ್ಟರನ್ನು ಕೇಳಿದ್ದರೆ ಲೆಕ್ಕ ತಲೆಕೆಳಗಾಗುತ್ತಿತ್ತು. "ಎದೆಯುರಿಯದ್ದನ್ನು ಬಿಡಿ, ಬಿಪಿಯದ್ದನ್ನು ಮಾತ್ರ ಬಿಡಬೇಡಿ" ಅನ್ನುತ್ತಿದ್ದರು. ಆದರೆ ಅವರನ್ನು ಯಾರೂ ಕೇಳಲಿಲ್ಲ. ಅವರೂ ಯಾರನ್ನೂ ಕೇಳಲಿಲ್ಲ.

ಫ್ಯಾಮಿಲಿ ಡಾಕ್ಟರು ರೋಗಿಯ ಹಣಕಾಸಿನ ಪರಿಸ್ಥಿತಿ ವಿಚಾರಿಸಬೇಕಾ ಅನ್ನೋದು ಇವತ್ತಿನ ವಿಷಯ. ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ, ಕೊನೆಯ ತನಕ ಕಾಯಿಸಲ್ಲ. ವಿಚಾರಿಸಬೇಕು. ಆದರೆ "ನಿಮ್ಮ ಸಂಬಳ ಎಷ್ಟು" ಅಂತಲ್ಲ. ಸಂಬಳ ತಿಳಿದು ಡಾಕ್ಟರಿಗೆ ಆಗಬೇಕಾದ್ದು ಏನೂ ಇಲ್ಲ. ಒಳ್ಳೆ ಸಂಬಳ ಬಂದು ಅದೆಲ್ಲ ಸಾಲಕ್ಕೇ ಹೋಗುತ್ತಿರಬಹುದು. ಕಡಿಮೆ ಸಂಬಳವಿದ್ದೂ ಮಕ್ಕಳು ಔಷಧಿ ಖರ್ಚು ನೋಡಿಕೊಳ್ಳುತ್ತಿರಬಹುದು. ಕೇಳಬೇಕಾದ್ದು ಇಷ್ಟೇ: ನಾನು ಈಗ ಬರೆದುಕೊಟ್ಟದ್ದನ್ನು ನಿಮ್ಮ ಕೈಯಲ್ಲಿ ನಡೆಸೋಕಾಗುತ್ತಾ? ಎಲ್ಲಾದರೂ ತಡೆಯಾಗುತ್ತಾ?

ಈ ಪ್ರಶ್ನೆ ಕೇಳದೇ ಇದ್ದರೆ ಏನಾಗುತ್ತದೆ ಅನ್ನೋದಕ್ಕೆ ಬಿಪಿಯನ್ನೇ ತೆಗೆದುಕೊಳ್ಳೋಣ. ಇಲ್ಲಿರುವ ಡಾಕ್ಟರುಗಳಿಗೆ ಇದು ಗೊತ್ತಿರುವ ಕಥೆಯೇ.

ಒಬ್ಬರಿಗೆ ಬಿಪಿ ಮಾತ್ರೆ ಬರೆದಿದ್ದೀರಿ. ಅವರು ಒಂದು ದಿನ ಬಿಟ್ಟು ಒಂದು ದಿನ ತೆಗೆದುಕೊಳ್ಳುತ್ತಿದ್ದಾರೆ, ಒಂದು ತಿಂಗಳ ಮಾತ್ರೆ ಎರಡು ತಿಂಗಳು ಬರಲಿ ಅಂತ. ತಪಾಸಣೆಗೆ ಬರುತ್ತಾರೆ. ಬಿಪಿ ಜಾಸ್ತಿ ಇದೆ. "ಮಾತ್ರೆ ಸರಿಯಾಗಿ ತಗೋತಾ ಇದ್ದೀರಾ?" ಅಂತ ಕೇಳುತ್ತೀರಿ. "ಹೂಂ ಸಾರ್" ಅನ್ನುತ್ತಾರೆ. ಇಲ್ಲ ಅಂದರೆ ನೀವು ಬೈತೀರಿ ಅಂತ ಅವರಿಗೆ ಗೊತ್ತು. ನೀವು ಡೋಸ್ ಏರಿಸುತ್ತೀರಿ, ಇಲ್ಲವೇ ಎರಡನೇ ಮಾತ್ರೆ ಸೇರಿಸುತ್ತೀರಿ. ಖರ್ಚು ಏರಿತು. ಅವರು ಇನ್ನೂ ಕಡಿಮೆ ತೆಗೆದುಕೊಳ್ಳುತ್ತಾರೆ. ಮುಂದಿನ ಸಲ ಬಿಪಿ ಇನ್ನೂ ಮೇಲೆ. ಮೂರನೇ ಮಾತ್ರೆ. ಮೂತ್ರಪಿಂಡದಲ್ಲೇನಾದರೂ ತೊಂದರೆಯಿದೆಯಾ ಅಂತ ಒಂದಿಷ್ಟು ಟೆಸ್ಟ್, ಒಂದು ಸ್ಕ್ಯಾನ್. ಎಲ್ಲ ನಾರ್ಮಲ್. ಅದಕ್ಕೂ ದುಡ್ಡು ಹೋಯಿತು.

ಇಷ್ಟಕ್ಕೇ ಮುಗಿಯಲ್ಲ. ಒಂದು ದಿನ ಇವರು ಬೇರೆ ಯಾವುದೋ ಕಾರಣಕ್ಕೆ ಆಸ್ಪತ್ರೆ ಸೇರುತ್ತಾರೆ. ವಾರ್ಡಿನ ನರ್ಸ್ ಫೈಲ್ ನೋಡಿ, ಬರೆದಿರುವ ಮೂರೂ ಮಾತ್ರೆಗಳನ್ನು ಹೊತ್ತು ಹೊತ್ತಿಗೆ ಕೊಡುತ್ತಾರೆ. ಮೂರೂ ಮಾತ್ರೆ ಒಟ್ಟಿಗೆ ಆ ದೇಹಕ್ಕೆ ಬಿದ್ದದ್ದು ಅದೇ ಮೊದಲು. ಬಿಪಿ ಸರ್ರನೆ ಇಳಿಯುತ್ತದೆ. ಹಾಸಿಗೆಯಿಂದ ಎದ್ದವರು ಕುಸಿದು ಬೀಳುತ್ತಾರೆ. ನರ್ಸ್ ಮಾಡಿದ್ದು ಸರಿ, ಫೈಲಿನಲ್ಲಿ ಇದ್ದದ್ದೂ ಸರಿ. ಆದರೆ ಫೈಲಿನಲ್ಲಿದ್ದ ಮನುಷ್ಯ ಬೇರೆ, ಮಂಚದ ಮೇಲಿದ್ದ ಮನುಷ್ಯ ಬೇರೆ.

ಎಲ್ಲ ಮಾತ್ರೆಯನ್ನೂ ಹೀಗೆ ಎಳೆದಾಡೋಕಾಗಲ್ಲ ಅನ್ನೋದನ್ನೂ ಹೇಳಿಬಿಡುತ್ತೇನೆ. ಕ್ಲೋನಿಡಿನ್ ಅನ್ನುವ ಬಿಪಿ ಮಾತ್ರೆಯನ್ನು ಏಕಾಏಕಿ ನಿಲ್ಲಿಸಿದರೆ ಬಿಪಿ ಮೊದಲಿಗಿಂತ ಮೇಲೆ ಹಾರಬಹುದು. ಮೂರ್ಛೆ ರೋಗದ ಮಾತ್ರೆ ನಾಲ್ಕು ದಿನ ತಪ್ಪಿದರೆ ಫಿಟ್ಸ್ ಮರುಕಳಿಸಬಹುದು. ಬಹಳ ದಿನ ಸ್ಟೀರಾಯ್ಡ್ ತೆಗೆದುಕೊಂಡವರು ಧಡಕ್ಕನೆ ಬಿಟ್ಟರೆ ಪ್ರಾಣಕ್ಕೇ ಬರಬಹುದು. ನಿಧಾನವಾಗಿ ಕರಗಲಿ ಅಂತ ಮಾಡಿರುವ ಮಾತ್ರೆಗಳಿವೆ, ಅವನ್ನು ಅರ್ಧ ಮುರಿದರೆ ಒಳಗಿನ ಔಷಧಿಯೆಲ್ಲ ಒಂದೇ ಸಲ ಹೊರಗೆ ಬಂದುಬಿಡಬಹುದು. ಉಳಿಸೋಕೆ ಹೊರಟವರಿಗೆ ಇದನ್ನೆಲ್ಲ ಯಾರೂ ಹೇಳಿರಲ್ಲ. ಉಳಿಸುತ್ತಿದ್ದಾರೆ ಅಂತ ಗೊತ್ತಿದ್ದರೆ ತಾನೇ ಹೇಳೋದು?

ಶುಗರ್ ವಿಷಯದಲ್ಲಿ ಇದು ಇನ್ನೂ ಸೂಕ್ಷ್ಮ. ಇನ್ಸುಲಿನ್ ತೆಗೆದುಕೊಂಡು ಊಟ ಬಿಟ್ಟರೆ ಲೋ ಶುಗರ್ ಆಗುತ್ತದೆ, ಕೆಲವು ಮಾತ್ರೆಗಳಿಂದಲೂ ಆಗುತ್ತದೆ. ಬೆವರು, ನಡುಕ, ಪ್ರಜ್ಞೆ ತಪ್ಪೋದು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 2000ರಿಂದ 2008ರವರೆಗಿನ ಆಸ್ಪತ್ರೆ ದಾಖಲೆಗಳನ್ನು ತೆಗೆದು ಕೆಲವರು ಒಂದು ಲೆಕ್ಕ ಹಾಕಿದರು. ಲೋ ಶುಗರ್ ಆಗಿ ಆಸ್ಪತ್ರೆ ಸೇರೋದು ತಿಂಗಳ ಯಾವ ವಾರದಲ್ಲಿ ಜಾಸ್ತಿ? ಬಡವರಲ್ಲಿ ತಿಂಗಳ ಮೊದಲ ವಾರಕ್ಕಿಂತ ಕೊನೆಯ ವಾರದಲ್ಲಿ ಶೇಕಡಾ 27ರಷ್ಟು ಜಾಸ್ತಿ ಇತ್ತು. ಹೆಚ್ಚು ಆದಾಯದವರಲ್ಲಿ ಅಂಥ ಏರಿಳಿತ ಕಾಣಲಿಲ್ಲ. ಇನ್ಸುಲಿನ್ ತಯಾರಿಸುವ ಮೇದೋಜ್ಜೀರಕ ಗ್ರಂಥಿಗೆ ತಾರೀಖು ಗೊತ್ತಿಲ್ಲ. ತಿಂಗಳ ಕೊನೆ ಗೊತ್ತಿರೋದು ಅಡುಗೆಮನೆಗೆ. ಡಾಕ್ಟರು ಇನ್ಸುಲಿನ್ ಡೋಸ್ ಬರೆಯುವಾಗ ಈ ಮನುಷ್ಯ ದಿನಾ ಹೊಟ್ಟೆ ತುಂಬ ಉಣ್ಣುತ್ತಾನೆ ಅಂತ ಅಂದುಕೊಂಡೇ ಬರೆಯುತ್ತಾರೆ. ಅದು ನಿಜವಾ ಅಂತ ನೋಡಿಕೊಳ್ಳೋದು ಡೋಸ್ ಲೆಕ್ಕದ ಭಾಗವೇ ಹೊರತು ಸಮಾಜಸೇವೆ ಅಲ್ಲ.

ಹಾಗಾದರೆ ಇಬ್ಬರೂ ಯಾಕೆ ಬಾಯಿ ಬಿಡಲ್ಲ? 2003ರಲ್ಲಿ ಅಮೆರಿಕದಲ್ಲಿ ಒಂದು ಸಮೀಕ್ಷೆ ಪ್ರಕಟವಾಯಿತು. ಕೈಯಿಂದ ಆಗುವ ಖರ್ಚಿನ ಬಗ್ಗೆ ಡಾಕ್ಟರ ಹತ್ತಿರ ಮಾತಾಡಬೇಕು ಅಂತ ಶೇಕಡಾ 63 ರೋಗಿಗಳಿಗೆ ಆಸೆ ಇತ್ತು. ರೋಗಿಗಳಿಗೆ ಆ ಆಸೆ ಇರುತ್ತದೆ ಅಂತ ಶೇಕಡಾ 79 ಡಾಕ್ಟರುಗಳಿಗೂ ಅನಿಸಿತ್ತು. ಆದರೆ ಯಾವತ್ತಾದರೂ ಅಂಥ ಮಾತು ಆಡಿದ್ದೇವೆ ಅಂದ ರೋಗಿಗಳು ಶೇಕಡಾ 15 ಮಾತ್ರ. ಮದುವೆಮನೆಯಲ್ಲಿ ಮೊದಲ ಪಂಕ್ತಿಗೆ ನೀವು ಕೂತ್ಕೊಳ್ಳಿ, ನೀವು ಕೂತ್ಕೊಳ್ಳಿ ಅಂತ ಒಬ್ಬರನ್ನೊಬ್ಬರು ನೋಡುತ್ತಾ ನಿಲ್ಲುತ್ತೇವಲ್ಲ, ಹಾಗೆ.

ಡಾಕ್ಟರುಗಳು ಕೊಡುವ ಮೊದಲ ಕಾರಣ, ಟೈಮ್ ಇಲ್ಲ. ಇದು ಸುಳ್ಳಲ್ಲ. 67 ದೇಶಗಳ ಮಾಹಿತಿ ಒಟ್ಟು ಮಾಡಿ 2017ರಲ್ಲಿ ಒಂದು ವರದಿ ಬಂತು. ಡಾಕ್ಟರು ಒಬ್ಬ ರೋಗಿಗೆ ಕೊಡುವ ಸಮಯ ಸ್ವೀಡನ್‌ನಲ್ಲಿ ಸರಾಸರಿ ಇಪ್ಪತ್ತೆರಡೂವರೆ ನಿಮಿಷ, ಬಾಂಗ್ಲಾದೇಶದಲ್ಲಿ 48 ಸೆಕೆಂಡ್. ಪ್ರಪಂಚದ ಅರ್ಧದಷ್ಟು ಜನ ಇರುವ ದೇಶಗಳಲ್ಲಿ ಅದು 5 ನಿಮಿಷಕ್ಕಿಂತ ಜಾಸ್ತಿ ಇಲ್ಲ. 48 ಸೆಕೆಂಡಿನಲ್ಲಿ ಮನೆ ಖರ್ಚಿನ ಮಾತು ಆಡಿ ಅಂದರೆ ಯಾರಿಗಾದರೂ ಸಿಟ್ಟು ಬರುತ್ತದೆ. ಆದರೆ ಆ ಮೂರನೇ ಮಾತ್ರೆ, ಆ ಸ್ಕ್ಯಾನ್, ಅದರ ರಿಪೋರ್ಟ್ ನೋಡೋಕೆ ಮತ್ತೊಂದು ಭೇಟಿ, ಇದಕ್ಕೆಲ್ಲ ಟೈಮ್ ಎಲ್ಲಿಂದ ಬಂತು? ಒಂದು ಸಲ ಕೇಳಿದ್ದರೆ ಇವೆಲ್ಲ ತಪ್ಪುತ್ತಿದ್ದವು.

ಎರಡನೇ ಕಾರಣ, ನಾಚಿಕೆ. ಇಲ್ಲೊಂದು ಪಕ್ಕದ ಮಾತು. ಮಲ ಹೇಗಿದೆ, ಮೂತ್ರ ಉರಿಯುತ್ತಾ, ಕುಡೀತೀರಾ, ಗಂಡಹೆಂಡತಿ ಸಂಬಂಧ ಹೇಗಿದೆ, ಇವನ್ನೆಲ್ಲ ಡಾಕ್ಟರುಗಳಾದ ನಾವು ಪರಿಚಯವೇ ಇಲ್ಲದವರನ್ನು ಎರಡನೇ ನಿಮಿಷದಲ್ಲಿ ಕೇಳುತ್ತೇವೆ. ಮೆಡಿಕಲ್ ಕಾಲೇಜಿನಲ್ಲಿ ಅದಕ್ಕೆ ತರಬೇತಿ ಕೊಡುತ್ತಾರೆ. ಮೊದಮೊದಲು ನಾಲಿಗೆ ತೊದಲುತ್ತದೆ, ಆಮೇಲೆ ಒಗ್ಗಿಹೋಗುತ್ತದೆ. ದುಡ್ಡಿನ ಪ್ರಶ್ನೆಗೆ ಅಂಥ ಪಾಠವೇ ಇಲ್ಲ. ನಾಚಿಕೆ ಅನ್ನೋದು ರೋಗಿಯದ್ದು ಅಂತ ನಾವು ಹೇಳಿಕೊಳ್ಳುತ್ತೇವೆ. ಅದರಲ್ಲಿ ಅರ್ಧ ನಮ್ಮದೇ ಅಂತ ನನ್ನ ಅನುಮಾನ.

ಮೂರನೆಯದು ಡಾಕ್ಟರುಗಳದ್ದಲ್ಲ, ರೋಗಿಗಳ ಭಯ. ಇದನ್ನು ನಾನು ತುಂಬ ಗಂಭೀರವಾಗಿ ತೆಗೆದುಕೊಳ್ಳುತ್ತೇನೆ. ದುಡ್ಡಿಲ್ಲ ಅಂದರೆ ಕಳಪೆ ಚಿಕಿತ್ಸೆ ಕೊಡುತ್ತಾರೆ, ಇದೆ ಅಂದರೆ ಬೇಡದ ಟೆಸ್ಟ್ ಬರೆಯುತ್ತಾರೆ. ಎರಡು ಕಡೆಯಿಂದಲೂ ಏಟು. ಈ ಭಯ ಆಧಾರವಿಲ್ಲದ್ದು ಅಂತ ನಾನು ಹೇಳಲ್ಲ. ಡಾಕ್ಟರಿಗೆ ಔಷಧಿ ಅಂಗಡಿಯಲ್ಲೋ ಲ್ಯಾಬಿನಲ್ಲೋ ಪಾಲಿದ್ದರೆ, ಅಂಥವರ ಬಾಯಲ್ಲಿ ಬರುವ ದುಡ್ಡಿನ ಪ್ರಶ್ನೆಯನ್ನು ಅನುಮಾನದಿಂದ ನೋಡೋದು ರೋಗಿಯ ಜಾಣತನ. ಹಾಗಾಗಿ ಈ ಪ್ರಶ್ನೆ ಕೇಳುವ ಹಕ್ಕು ತನ್ನಷ್ಟಕ್ಕೆ ಬರಲ್ಲ. ಉತ್ತರದಿಂದ ತನಗೆ ಲಾಭ ಆಗದ ಡಾಕ್ಟರು ಮಾತ್ರ ಕೇಳಬಹುದು.

ಕಳಪೆ ಚಿಕಿತ್ಸೆ ಅನ್ನುವ ಮಾತಿಗೆ ಇನ್ನೊಂದು ಮುಖ ಇದೆ. ಅಗ್ಗದ್ದೆಲ್ಲ ಕಳಪೆ ಅಲ್ಲ. 33 ಸಾವಿರಕ್ಕೂ ಜಾಸ್ತಿ ಬಿಪಿ ರೋಗಿಗಳ ಮೇಲೆ ನಡೆದ ಆಲ್‌ಹ್ಯಾಟ್ ಅನ್ನುವ ಅಧ್ಯಯನದ ಫಲಿತಾಂಶ 2002ರಲ್ಲಿ ಬಂತು. ಹಳೆಯ, ಅಗ್ಗದ ಕ್ಲೋರ್‌ಥಾಲಿಡೋನ್ ಮಾತ್ರೆಯನ್ನು ಹೊಸ ಕಾಲದ ದುಬಾರಿ ಮಾತ್ರೆಗಳ ಜೊತೆ ಹೋಲಿಸಿ ನೋಡಿದರು. ಹೃದಯಾಘಾತ ತಡೆಯೋದರಲ್ಲಿ ಹಳೆಯದು ಒಂದಿಷ್ಟೂ ಹಿಂದೆ ಬೀಳಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 1977ರಿಂದ ಅತ್ಯಗತ್ಯ ಔಷಧಿಗಳ ಪಟ್ಟಿ ಮಾಡುತ್ತಿದೆ. ಸಾಮಾನ್ಯ ಕಾಯಿಲೆಗಳಿಗೆ ಬೇಕಾದ ಹೆಚ್ಚಿನವು ಅದರಲ್ಲಿವೆ, ಬಹಳಷ್ಟು ಜೆನೆರಿಕ್ ರೂಪದಲ್ಲಿ ಸಿಗುತ್ತವೆ. ಅಗ್ಗದ ಮಾತ್ರೆ ಬರೆಯೋಕೆ ರೋಗಿ ಬಡವರಾಗಿರಲೇಬೇಕು ಅಂತೇನಿಲ್ಲ. ಎಲ್ಲರಿಗೂ ಮೊದಲು ಅದನ್ನೇ ಬರೆಯಬಹುದು. ಆಗ ಕಳಪೆಯ ಅನುಮಾನ ಹುಟ್ಟೋದೇ ಇಲ್ಲ.

ಇನ್ನು ನಾಲ್ಕನೇ ಆಕ್ಷೇಪ. ನಿಜವಾದ ಗಟ್ಟಿ ಆಕ್ಷೇಪ ಇದೇ. ಕೇಳಿ ಏನು ಮಾಡುತ್ತೀರಿ?

ವಿಶ್ವ ಆರೋಗ್ಯ ಸಂಸ್ಥೆಗಾಗಿ ವಿಲ್ಸನ್ ಮತ್ತು ಯುಂಗ್ನರ್ ಅನ್ನುವ ಇಬ್ಬರು 1968ರಲ್ಲಿ ಹತ್ತು ಸೂತ್ರ ಬರೆದುಕೊಟ್ಟರು. ಯಾವ ಕಾಯಿಲೆಯನ್ನು ಜನರಲ್ಲಿ ಹುಡುಕಿಕೊಂಡು ಹೋಗಬಹುದು ಅನ್ನೋದಕ್ಕೆ ಇಂದಿಗೂ ಅವೇ ಅಳತೆಗೋಲು. ಅದರಲ್ಲಿ ಒಂದು, ಚಿಕಿತ್ಸೆ ಇರಬೇಕು. ಚಿಕಿತ್ಸೆ ಇಲ್ಲದ್ದನ್ನು ಹುಡುಕಿ ಹೇಳಿದರೆ ಗಾಯ ಕೆದಕಿದಂತೆ. ಬಡತನವನ್ನೂ ಈ ಅಳತೆಗೋಲಿನಲ್ಲೇ ಅಳೆಯಬೇಕು ಅಂತ 2016ರಲ್ಲಿ ಅಮೆರಿಕದ ಕೆಲವು ಮಕ್ಕಳ ವೈದ್ಯರು ಬರೆದರು. ಸಹಾಯಕ್ಕೆ ದಾರಿ ಇಲ್ಲದೆ ಕೇಳೋದು ನಿಷ್ಪ್ರಯೋಜಕ, ಅನೈತಿಕವೂ ಹೌದೇನೋ ಅಂದರು. ನನಗೆ ಅವರ ಮಾತು ಮುಕ್ಕಾಲು ಪಾಲು ಒಪ್ಪಿಗೆ. ಹತ್ತು ಪುಟದ ಫಾರಂ ಕೊಟ್ಟು, ಮನೆ ಬಾಡಿಗೆ ಎಷ್ಟು, ಸಾಲ ಎಷ್ಟು, ಊಟಕ್ಕೆ ಕೊರತೆಯಿದೆಯಾ ಅಂತ ತುಂಬಿಸಿಕೊಂಡು, ಆ ಫಾರಂ ಡ್ರಾಯರಿಗೆ ಹೋಗೋದಾದರೆ ದಯವಿಟ್ಟು ಕೇಳಬೇಡಿ. ಮನುಷ್ಯರು ತಮ್ಮ ಕಷ್ಟವನ್ನು ಒಂದು ಸಲ ಹೇಳಿ ಏನೂ ಆಗದೇ ಹೋದರೆ ಎರಡನೇ ಸಲ ಹೇಳಲ್ಲ.

ಒಪ್ಪದ ಕಾಲು ಪಾಲು ಯಾವುದು ಅಂದರೆ, ಡಾಕ್ಟರ ಕೈಯಲ್ಲೇ ಇರುವ ಚಿಕಿತ್ಸೆಯನ್ನು ಅವರು ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ಬಡತನ ಕಳೆಯೋದು ನಮ್ಮ ಕೈಯಲ್ಲಿಲ್ಲ. ಆದರೆ ಚೀಟಿ ನಮ್ಮ ಕೈಯಲ್ಲೇ ಇದೆಯಲ್ಲ? ಐದು ಔಷಧಿಯಲ್ಲಿ ಎರಡು ಈಗ ಬೇಕಾಗಿಯೇ ಇರಲ್ಲ, ಯಾರೋ ಯಾವಾಗಲೋ ಬರೆದದ್ದು ಮುಂದುವರಿದುಕೊಂಡು ಬಂದಿರುತ್ತದೆ. ಹೊಡೆದುಹಾಕಿ. ಉಳಿದದ್ದಕ್ಕೆ ನಂಬರ್ ಹಾಕಿ: ಇದು ಒಂದು, ಇದನ್ನು ಯಾವ ಕಾರಣಕ್ಕೂ ಬಿಡಬೇಡಿ, ಇದು ಮೂರು, ಕೈ ಕಟ್ಟಿದರೆ ಇದನ್ನು ಮೊದಲು ಬಿಡಿ. ಶುಗರ್ ಹತೋಟಿಯಲ್ಲಿದ್ದರೆ ಮೂರು ತಿಂಗಳ ಸರಾಸರಿ ತೋರಿಸುವ ಟೆಸ್ಟನ್ನು ವರ್ಷಕ್ಕೆ ನಾಲ್ಕು ಸಲ ಮಾಡಿಸಬೇಕಾಗಿಲ್ಲ, ಎರಡು ಸಲ ಸಾಕು. ರಕ್ತ ಕೊಡೋಕೆ ಒಂದು ದಿನ, ರಿಪೋರ್ಟ್ ತೋರಿಸೋಕೆ ಇನ್ನೊಂದು ದಿನ ಅಂತ ಓಡಾಡಿಸಿದರೆ ದಿನಗೂಲಿಯವರಿಗೆ ಎರಡು ದಿನದ ಸಂಪಾದನೆ ಹೋಯಿತು. ನಮ್ಮ ಫೀಸಿಗಿಂತ ಅದೇ ಜಾಸ್ತಿ. ರಿಪೋರ್ಟ್ ಸರಿಯಿದ್ದರೆ ಫೋನಿನಲ್ಲಿ ಹೇಳಿ ಮುಗಿಸಬಹುದು. ಪಿಂಚಣಿಗೋ ಅಂಗವಿಕಲತೆಯ ಸವಲತ್ತಿಗೋ ಡಾಕ್ಟರ ಸರ್ಟಿಫಿಕೇಟ್ ಬೇಕಿದ್ದರೆ ನಾಳೆ ಬನ್ನಿ ಅನ್ನದೆ ಇವತ್ತೇ ಸಹಿ ಹಾಕಿಕೊಡಬಹುದು. ಇದ್ಯಾವುದಕ್ಕೂ ಸರ್ಕಾರದ ಯೋಜನೆ ಬೇಕಿಲ್ಲ, ದಾನಿಗಳು ಬೇಕಿಲ್ಲ. ಗೊತ್ತಿದ್ದರೆ ಸಾಕು.

ಇದನ್ನು ಮೀರಿ ಮಾಡಿದವರೂ ಇದ್ದಾರೆ. 1960ರ ದಶಕದಲ್ಲಿ ಜಾಕ್ ಗೈಗರ್ ಅನ್ನುವ ವೈದ್ಯರು ಅಮೆರಿಕದ ಮಿಸಿಸಿಪ್ಪಿಯಲ್ಲಿ ಒಂದು ಆರೋಗ್ಯ ಕೇಂದ್ರ ನಡೆಸುತ್ತಿದ್ದರು. ಸೊರಗಿದ ಮಕ್ಕಳಿಗೆ ಅವರ ಕೇಂದ್ರದ ಡಾಕ್ಟರುಗಳು ಚೀಟಿಯಲ್ಲಿ ಆಹಾರ ಬರೆದುಕೊಡುತ್ತಿದ್ದರು. ಆ ಚೀಟಿ ಒಯ್ದರೆ ದಿನಸಿ ಸಿಗುತ್ತಿತ್ತು, ಬಿಲ್ ಕೇಂದ್ರದ ಔಷಧಿ ಖಾತೆಗೆ ಬರುತ್ತಿತ್ತು. ದುಡ್ಡು ಕೊಡುತ್ತಿದ್ದ ಸರ್ಕಾರದವರು ಆಕ್ಷೇಪ ಎತ್ತಿದರು, ಆ ಖಾತೆ ಇರೋದು ಕಾಯಿಲೆಗೆ ಔಷಧಿ ಕೊಡೋಕೆ ಅಂತ. ಅಪೌಷ್ಟಿಕತೆಗೆ ನಮ್ಮ ಪಠ್ಯಪುಸ್ತಕ ಹೇಳುವ ಔಷಧಿ ಆಹಾರವೇ ಅಲ್ವಾ ಅಂತ ಗೈಗರ್ ತಿರುಗಿ ಕೇಳಿದರು. ಹೌದಲ್ಲ! ಸಾವಿರ ಪುಟದ ವಾದಕ್ಕಿಂತ ಈ ಒಂದು ಬಿಲ್ ನನಗೆ ಇಷ್ಟ.

ಕೆನಡಾದ ಒಂಟಾರಿಯೋದಲ್ಲಿ ಫ್ಯಾಮಿಲಿ ಡಾಕ್ಟರುಗಳಿಗಾಗಿ ಒಂದು ಪುಟ್ಟ ಕೈಪಿಡಿ ಮಾಡಿದ್ದಾರೆ. ಅದರಲ್ಲಿ ಮೊದಲ ಪ್ರಶ್ನೆ, ತಿಂಗಳ ಕೊನೆಗೆ ಖರ್ಚು ತೂಗಿಸೋದು ಕಷ್ಟ ಆಗುತ್ತಾ ಅಂತ. ಆಮೇಲೆ ಬರುವ ಒಂದು ಪ್ರಶ್ನೆ ನೋಡಿ ನಗು ಬಂತು: ತೆರಿಗೆ ಫಾರಂ ತುಂಬಿ ಕಳಿಸಿದ್ದೀರಾ? ಡಾಕ್ಟರಿಗೂ ತೆರಿಗೆಗೂ ಏನು ಸಂಬಂಧ? ಅಲ್ಲಿ ಕಡಿಮೆ ಆದಾಯದವರಿಗೆ ಸರ್ಕಾರದಿಂದ ಬರಬೇಕಾದ ಬಹಳಷ್ಟು ಹಣ ತೆರಿಗೆ ಫಾರಂ ಸಲ್ಲಿಸಿದರೆ ಮಾತ್ರ ಬರುತ್ತದೆ. ಆದಾಯವೇ ಇಲ್ಲ, ಫಾರಂ ಯಾಕೆ ಅಂತ ಸುಮ್ಮನಿರುವವರು ತಮಗೆ ಸೇರಬೇಕಾದ್ದನ್ನೇ ಕಳೆದುಕೊಳ್ಳುತ್ತಾರೆ. ಒಂದು ಫಾರಂ, ಒಂದು ನೆನಪಿಸುವಿಕೆ. ಇಂಥದ್ದು ಪ್ರತಿಯೊಂದು ದೇಶದಲ್ಲೂ ಒಂದಲ್ಲ ಒಂದು ಇದ್ದೇ ಇರುತ್ತದೆ.

ಅದೇ ಒಂಟಾರಿಯೋದಲ್ಲಿ, ದುಡ್ಡಿಲ್ಲದೆ ಮಾತ್ರೆ ಬಿಡುತ್ತಿದ್ದ 786 ಜನರನ್ನು ಆರಿಸಿ ಒಂದು ಪ್ರಯೋಗ ಮಾಡಿದರು. ಅರ್ಧದಷ್ಟು ಜನರಿಗೆ ಅಗತ್ಯ ಔಷಧಿ ಉಚಿತ, ಉಳಿದವರಿಗೆ ಎಂದಿನಂತೆ. 2019ರಲ್ಲಿ ಫಲಿತಾಂಶ ಬಂತು. ಸರಿಯಾಗಿ ಮಾತ್ರೆ ತೆಗೆದುಕೊಂಡವರು ಉಚಿತದ ಗುಂಪಿನಲ್ಲಿ ಶೇಕಡಾ 38, ಇನ್ನೊಂದರಲ್ಲಿ ಶೇಕಡಾ 27ರ ಹತ್ತಿರ. ಈ ಅಂಕಿಯನ್ನು ಎರಡೂ ಕಡೆಯಿಂದ ಓದಬೇಕು. ದುಡ್ಡಿನ ಅಡ್ಡಿ ತೆಗೆದರೆ ಸುಧಾರಣೆ ಆಗುತ್ತದೆ, ಖಂಡಿತ. ಆದರೆ ಪುಕ್ಕಟೆ ಕೊಟ್ಟರೂ ಅರ್ಧಕ್ಕಿಂತ ಜಾಸ್ತಿ ಜನ ಸರಿಯಾಗಿ ತೆಗೆದುಕೊಳ್ಳಲಿಲ್ಲ. ಅಡ್ಡಪರಿಣಾಮದ ಹೆದರಿಕೆ, ಮರೆವು, ಬೇಸರ, ಇವೆಲ್ಲ ಇದ್ದೇ ಇರುತ್ತವೆ. ಎಲ್ಲದಕ್ಕೂ ದುಡ್ಡೇ ಕಾರಣ ಅಂತ ಹೊರಟರೆ ಅದೂ ಇನ್ನೊಂದು ತರದ ಕುರುಡು.

ಅಮೆರಿಕದ ಕ್ಯಾಮ್ಡೆನ್ ಊರಿನ ಅನುಭವವನ್ನೂ ಮುಚ್ಚಿಡಬಾರದು. ಪದೇ ಪದೇ ಆಸ್ಪತ್ರೆ ಸೇರುವವರ ಬೆನ್ನಿಗೆ ನರ್ಸ್, ಸಮಾಜ ಕಾರ್ಯಕರ್ತರನ್ನು ಬಿಟ್ಟು, ಮನೆ, ಔಷಧಿ, ಸವಲತ್ತು ಎಲ್ಲವನ್ನೂ ಹೊಂದಿಸಿಕೊಡುವ ಯೋಜನೆ ಅದು. ತುಂಬ ಹೆಸರು ಮಾಡಿತ್ತು. 800 ರೋಗಿಗಳ ಮೇಲೆ ಶಿಸ್ತಾಗಿ ಪರೀಕ್ಷೆ ಮಾಡಿ 2020ರಲ್ಲಿ ನೋಡಿದರೆ, ಆರು ತಿಂಗಳಲ್ಲಿ ಮತ್ತೆ ಆಸ್ಪತ್ರೆ ಸೇರಿದವರ ಪ್ರಮಾಣ ಈ ಸಹಾಯ ಸಿಕ್ಕ ಗುಂಪಿನಲ್ಲೂ ಸಿಗದ ಗುಂಪಿನಲ್ಲೂ ಹೆಚ್ಚುಕಡಿಮೆ ಒಂದೇ. ಹಾಗಂತ ಕೈ ಚೆಲ್ಲಬೇಕಾಗಿಲ್ಲ. ಅವರ ಕಾಯಿಲೆಗಳು ತುಂಬ ಮುಂದುವರಿದಿದ್ದವು, ಹೊಂದಿಸಿಕೊಡೋಣ ಅಂದರೆ ಊರಿನಲ್ಲಿ ಖಾಲಿ ಮನೆಯೇ ಸಿಗದ ಸ್ಥಿತಿ ಇತ್ತು. ದುಡ್ಡಿನ ಮಾತು ಆಡಿದರೆ ಆಸ್ಪತ್ರೆ ಖರ್ಚು ಉಳಿಯುತ್ತದೆ ಅಂತ ಸರ್ಕಾರಕ್ಕೆ ಆಸೆ ತೋರಿಸಿ ಈ ವಿಚಾರವನ್ನು ಮಾರಬಾರದು ಅನ್ನೋದಷ್ಟೇ ನನಗೆ ಇದರಿಂದ ಅರ್ಥವಾಗೋದು. ಕೇಳಬೇಕಾದ್ದು ಚೀಟಿ ಸರಿಯಾಗಲಿ ಅಂತ.

ಯಾರನ್ನು ಕೇಳಬೇಕು? ಎಲ್ಲರನ್ನೂ. ಬಟ್ಟೆ ನೋಡಿ, ಚಪ್ಪಲಿ ನೋಡಿ ಆರಿಸಿಕೊಂಡು ಕೇಳಿದರೆ ಕೆಟ್ಟಿತು. ಕೇಳಿಸಿಕೊಂಡವರಿಗೆ ಅವಮಾನ, ಕೇಳಿಸಿಕೊಳ್ಳದವರಲ್ಲಿ ಕಷ್ಟ ಇರುವವರು ತಪ್ಪಿಹೋಗುತ್ತಾರೆ. ಲಂಡನ್ನಿನ ಸರ್ಕಾರಿ ನೌಕರರ ಮೇಲೆ 1967ರಲ್ಲಿ ಶುರುವಾದ ವೈಟ್‌ಹಾಲ್ ಅಧ್ಯಯನ ನೆನಪಿಸಿಕೊಳ್ಳಿ. ಎಲ್ಲರಿಗೂ ಕೆಲಸ ಇತ್ತು, ತಿಂಗಳ ಸಂಬಳ ಇತ್ತು. ಆದರೂ ಕೆಳದರ್ಜೆಯವರಲ್ಲಿ ಹೃದಯದ ಕಾಯಿಲೆಯಿಂದ ಸತ್ತವರ ಪ್ರಮಾಣ ಮೇಲ್ದರ್ಜೆಯವರ ಮೂರರಷ್ಟು ಇತ್ತು. ಧೂಮಪಾನದ ಲೆಕ್ಕ ತೆಗೆದರೂ ಅಂತರ ಪೂರ್ತಿ ಮುಚ್ಚಲಿಲ್ಲ. ಮಧ್ಯದ ಮೆಟ್ಟಿಲಿನವರು ಮಧ್ಯದಲ್ಲೇ ಇದ್ದರು. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದವರನ್ನು ನೋಡಿ "ಇವರಿಗೇನು ಬಿಡಿ" ಅನ್ನುವ ಡಾಕ್ಟರಿಗೆ ಈ ಮೆಟ್ಟಿಲುಗಳು ಕಾಣಲ್ಲ.

ಹೇಗೆ ಕೇಳಬೇಕು ಅನ್ನೋದು ಕೈಯಲ್ಲಿ ಪಳಗಬೇಕಾದ ಕೆಲಸ. "ಔಷಧಿಗೆ ದುಡ್ಡಿದೆಯಾ?" ಅಂದರೆ ಮುಗಿಯಿತು, "ಇದೆ" ಅಂತಲೇ ಉತ್ತರ. ಯಾರಿಗಾದರೂ ಸ್ವಾಭಿಮಾನ ಇರಲ್ವಾ? ಅದರ ಬದಲು ಹೀಗೆ ಹೇಳಿ: "ಈ ಮಾತ್ರೆಯನ್ನು ತಿಂಗಳು ಪೂರ್ತಿ ಕೊಳ್ಳೋದು ತುಂಬ ಜನಕ್ಕೆ ಕಷ್ಟ ಆಗುತ್ತೆ. ನಿಮಗೆ ಹೇಗೆ?" ಇಲ್ಲಿ ಕಷ್ಟ ಅನ್ನೋದು ಮೊದಲೇ ಮೇಜಿನ ಮೇಲೆ ಬಂದು ಕೂತಿದೆ, ಹೌದು ಅಂದರೆ ಸಾಕು. ಅಮೆರಿಕದಲ್ಲಿ ಮನೆಯ ಊಟದ ಕೊರತೆ ತಿಳಿಯೋಕೆ ಬಳಸುವ ಎರಡೇ ಎರಡು ಪ್ರಶ್ನೆಗಳಿವೆ. ಅಲ್ಲಿನ ಮಕ್ಕಳ ವೈದ್ಯರ ಸಂಘವೂ 2015ರಲ್ಲಿ ಅವನ್ನು ಬಳಸಿ ಅಂತ ಹೇಳಿತು. ನಿಜ ಹೇಳಬೇಕೆಂದರೆ ಅವು ಪ್ರಶ್ನೆಗಳೇ ಅಲ್ಲ. ಬೇರೆಯವರು ಹೇಳಿದ ಮಾತನ್ನು ಓದಿ ಹೇಳುತ್ತಾರೆ: ಕೈಗೆ ದುಡ್ಡು ಬರುವ ಮುಂಚೆ ದಿನಸಿ ಮುಗಿದುಹೋಗುತ್ತೇನೋ ಅಂತ ಚಿಂತೆ ಆಗಿತ್ತು, ತಂದದ್ದು ಸಾಕಾಗಲಿಲ್ಲ. ಕಳೆದ 12 ತಿಂಗಳಲ್ಲಿ ಇದು ನಿಮ್ಮ ಮನೆಯಲ್ಲಿ ಆಗಾಗ ನಿಜವಾ, ಕೆಲವೊಮ್ಮೆಯಾ, ಯಾವತ್ತೂ ಇಲ್ಲವಾ? "ಕೆಲವೊಮ್ಮೆ" ಅನ್ನೋದು ಬಾಯಿಗೆ ಸುಲಭವಾಗಿ ಬರುವ ಮಾತು. ಅಲ್ಲಿ "ಕೆಲವೊಮ್ಮೆ" ಅಂದರೂ ಕೊರತೆ ಇದೆ ಅಂತಲೇ ಲೆಕ್ಕ.

ಎಲ್ಲಿ ಕೇಳಬೇಕು? ರಿಸೆಪ್ಷನ್ನಿನಲ್ಲಂತೂ ಬೇಡ, ಹಿಂದೆ ಸಾಲು ನಿಂತಿರುತ್ತದೆ. ಜೊತೆಗೆ ಬಂದ ಸೊಸೆಯ ಎದುರಿಗೋ ಮಗನ ಎದುರಿಗೋ ಬೇಡ. ಔಷಧಿಗೆ ಯಾರು ದುಡ್ಡು ಕೊಡುತ್ತಾರೋ ಅವರ ಎದುರಿಗೆ "ಸಾಲುತ್ತಿಲ್ಲ" ಅಂತ ಯಾವ ತಾಯಿಯೂ ಹೇಳಲ್ಲ. ಒಂದು ನಿಮಿಷ ಹೊರಗೆ ಇರಿ ಅನ್ನೋಕೆ ಬಿಪಿ ನೋಡುವ ನೆಪ ಸಾಕು.

ಕೇಳದೆಯೂ ತಿಳಿಯುವ ದಾರಿಯೊಂದಿದೆ. ಮುಂದಿನ ಸಲ ಬರುವಾಗ ಮನೆಯಲ್ಲಿರುವ ಮಾತ್ರೆಯೆಲ್ಲ ಚೀಲದಲ್ಲಿ ಹಾಕಿಕೊಂಡು ಬನ್ನಿ ಅನ್ನಿ. ಸ್ಟ್ರಿಪ್ ಕೈಗೆತ್ತಿಕೊಂಡು ನೋಡಿ. ಕತ್ತರಿಯಲ್ಲಿ ನೀಟಾಗಿ ಕತ್ತರಿಸಿದ ನಾಲ್ಕು ಮಾತ್ರೆಯ ತುಂಡು ಇದ್ದರೆ ಬಿಡಿಯಾಗಿ ಕೊಂಡಿದ್ದಾರೆ ಅಂತ. ಅರ್ಧ ಮಾತ್ರೆ ಮತ್ತೆ ಅದೇ ಗುಳಿಯಲ್ಲಿ ಸೇರಿ, ಮೇಲೆ ಹಾಳೆ ಮಡಚಿಕೊಂಡಿದ್ದರೆ ಡೋಸ್ ಅರ್ಧಕ್ಕೆ ಇಳಿದಿದೆ. ಸ್ಟ್ರಿಪ್ಪಿನ ಮೇಲೆ ಬೇರೆಯವರ ಹೆಸರಿದ್ದರೆ ಗಂಡಹೆಂಡತಿ ಇಬ್ಬರೂ ಒಂದೇ ಮಾತ್ರೆ ಹಂಚಿಕೊಳ್ಳುತ್ತಿದ್ದಾರೆ. ಇದೆಲ್ಲ ಕಂಡಾಗ ದಯವಿಟ್ಟು ಬೈಯಬೇಡಿ. ಬೈದರೆ ಮುಂದಿನ ಸಲ ಚೀಲ ಬರಲ್ಲ.

ಇಲ್ಲಿ ಡಾಕ್ಟರಲ್ಲದವರೇ ಜಾಸ್ತಿ ಇದ್ದೀರಿ. ನಿಮ್ಮ ಡಾಕ್ಟರು ಈ ಪ್ರಶ್ನೆ ಕೇಳುವ ತನಕ ಕಾಯಬೇಕಾಗಿಲ್ಲ. "ಇದರಲ್ಲಿ ಬಿಡಲೇಬಾರದ್ದು ಯಾವುದು?" ಅಂತ ಕೋಣೆಯೊಳಗೇ ಕೇಳಿ. "ಇದೇ ಕೆಲಸ ಮಾಡುವ ಕಡಿಮೆ ಬೆಲೆಯದ್ದು ಇದೆಯಾ?" ಅಂತ ಕೇಳಿ. "ಈ ಟೆಸ್ಟ್ ಈಗಲೇ ಆಗಬೇಕಾ, ಮುಂದಿನ ತಿಂಗಳು ಆದರೆ ತೊಂದರೆಯಾ?" ಅಂತ ಕೇಳಿ. ನಿಮ್ಮ ಆದಾಯದ ಬಗ್ಗೆ ಒಂದಕ್ಷರ ಹೇಳದೆ ಈ ಮೂರೂ ಪ್ರಶ್ನೆ ಕೇಳಬಹುದು. ಮಾತ್ರೆ ಬಿಟ್ಟಿದ್ದರೆ ಬಿಟ್ಟಿದ್ದೇನೆ ಅಂತ ಹೇಳಿ. ಹೇಳಿದರೆ ಬೈಗುಳ ಕೇಳಬೇಕಾಗಬಹುದು, ಹೇಳದಿದ್ದರೆ ಬೇಡದ ಮೂರನೇ ಮಾತ್ರೆ ನುಂಗಬೇಕಾಗುತ್ತದೆ.

ಬರೆದಿಡುವ ವಿಷಯ ಒಂದು ಬಾಕಿ ಇದೆ. ಕಾಯಿಲೆಗಳಿಗೆ ಕೋಡ್ ಕೊಡುವ ಅಂತಾರಾಷ್ಟ್ರೀಯ ಪಟ್ಟಿಯ ಹತ್ತನೇ ಆವೃತ್ತಿಯಲ್ಲಿ ವಸತಿ, ಹಣಕಾಸಿನ ತೊಂದರೆಗಳಿಗೂ ಒಂದು ಕೋಡ್ ಇದೆ, ಝಡ್ 59. ಬರೆದಿಟ್ಟರೆ ಉಪಯೋಗ ಇದೆ. ನಾನು ರಜದಲ್ಲಿದ್ದಾಗ ನೋಡುವ ಇನ್ನೊಬ್ಬ ಡಾಕ್ಟರಿಗೆ ಗೊತ್ತಾಗುತ್ತದೆ. ಆದರೆ ಫೈಲನ್ನು ಡಾಕ್ಟರುಗಳು ಮಾತ್ರ ಓದಲ್ಲ. ವಿಮೆಯವರು ಓದಬಹುದು, ಕೆಲಸ ಕೊಟ್ಟವರ ಕೈಗೆ ಹೋಗಬಹುದು, ಮನೆಯವರೇ ತೆರೆದು ನೋಡಬಹುದು. ಬಿಪಿ ಎಷ್ಟಿತ್ತು ಅಂತ ಓದಿದವರು ಮರೆಯುತ್ತಾರೆ, "ಔಷಧಿಗೆ ಗತಿ ಇಲ್ಲ" ಅಂತ ಓದಿದ್ದನ್ನು ಮರೆಯಲ್ಲ. ಹಾಗಾಗಿ ಬರೆಯುವ ಮುಂಚೆ "ಇದನ್ನು ಫೈಲಿನಲ್ಲಿ ಹಾಕಲಾ?" ಅಂತ ಕೇಳೋದು ಒಳ್ಳೆಯದು. ಬೇಡ ಅಂದರೆ "ದಿನಕ್ಕೊಂದೇ ಮಾತ್ರೆ ಇರಲಿ, ಹೊಸದು ಸೇರಿಸಬೇಡಿ" ಅಂತ ಮಾತ್ರ ಬರೆಯಿರಿ, ಕಾರಣ ಬಿಟ್ಟುಬಿಡಿ. ಮುಂದಿನ ಭೇಟಿಯಲ್ಲಿ ಮತ್ತೊಮ್ಮೆ ಕೇಳಬೇಕಾಗುತ್ತದೆ, ಅಷ್ಟೇ.